ಗೋವಾದಿಂದ ಬಂದ ಕೈಮೂಳೆ, ಬೆಳ್ತಂಗಡಿಯಿಂದ ಬಂದ ನಾನು

"ಡಾಕ್ಟರ್ ಓದ್ತಾ ಇದ್ದೀಯಲ್ಲ, ಈಗಲೂ ದೇವರನ್ನು ನಂಬ್ತೀಯಾ?"

ಊರಿಗೆ ಹೋದಾಗ ಮದುವೆ ಊಟದ ಮಧ್ಯೆ ಸಂಬಂಧಿಕರು ಇದನ್ನು ಕೇಳುತ್ತಾರೆ. ಇಲ್ಲಿ ಕ್ಲಾಸಿನವರೂ ಕೇಳುತ್ತಾರೆ. ಮನುಷ್ಯನ ಒಳಗೆ ಏನೇನಿದೆ ಎಂದು ಕಣ್ಣಾರೆ ನೋಡಿದವರಿಗೆ ಭಕ್ತಿ ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಅವರು ಅಂದುಕೊಂಡಿರುತ್ತಾರೆ. ನನಗೆ ಹಾಗಾಗಲಿಲ್ಲ. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಎಷ್ಟೋ ಮಾತುಗಳಿಗೆ ಮೊದಲ ಸಲ ಅರ್ಥ ಬಂದದ್ದೇ ಅನಾಟಮಿ ಲ್ಯಾಬಿನಲ್ಲಿ. ಊಟದ ಎಲೆ ಮುಂದೆ ಕೂತು ಇದನ್ನು ಎರಡು ಮಾತಿನಲ್ಲಿ ಹೇಳೋಕಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯವಳು. ಮನೆಯಲ್ಲಿ ಕೊಂಕಣಿ, ಅಂಗಳದಾಚೆ ತುಳು, ಶಾಲೆಯಲ್ಲಿ ಕನ್ನಡ. ಸ್ವಲ್ಪ ಅಡಿಕೆ, ಸ್ವಲ್ಪ ರಬ್ಬರ್ ಇರುವ ಕ್ಯಾಥೊಲಿಕ್ ಮನೆ. ಈಗ ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯಲ್ಲಿ ನಾಲ್ಕನೇ ವರ್ಷದ ವೈದ್ಯಕೀಯ ವಿದ್ಯಾರ್ಥಿನಿ. ನೀಟ್ ಪಾಸಾಗಿದ್ದೆ, ಆದರೆ ಸರ್ಕಾರಿ ಸೀಟಿಗೆ ಸಾಲುವಷ್ಟು ರ‍್ಯಾಂಕ್ ಇರಲಿಲ್ಲ, ಖಾಸಗಿ ಸೀಟಿನ ಫೀಸು ನಮ್ಮ ತೋಟಕ್ಕೆ ಎಟುಕುವಂಥದ್ದಲ್ಲ. ನನ್ನಂಥವರು ಇಲ್ಲಿ ತುಂಬಾ ಜನ ಇದ್ದಾರೆ. ಕೋರ್ಸು 6 ವರ್ಷ. 2021ರ ನವೆಂಬರ್‌ನಲ್ಲಿ ಭಾರತದಲ್ಲಿ ಬಂದ ನಿಯಮದ ಪ್ರಕಾರ ಕನಿಷ್ಠ 54 ತಿಂಗಳು ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಮುಗಿಸಬೇಕು. ಆಮೇಲೆ ಊರಿಗೆ ಬಂದು ಎಫ್‌ಎಂಜಿಇ, ಅಂದರೆ ವಿದೇಶದಲ್ಲಿ ವೈದ್ಯಕೀಯ ಓದಿದವರಿಗಿರುವ ಪರೀಕ್ಷೆ ಬರೆಯಬೇಕು, 300 ಪ್ರಶ್ನೆಗೆ 150 ಸರಿ ಇರಬೇಕು, ಅದಾದ ಮೇಲೆ ಅಲ್ಲೂ ಒಂದು ವರ್ಷ ಇಂಟರ್ನ್‌ಶಿಪ್. ಅಪ್ಪ ತೆಗೆದ ಸಾಲ, ಅಮ್ಮ ಬ್ಯಾಂಕಿನಲ್ಲಿಟ್ಟ ಬಳೆ, ಇವೆಲ್ಲ ತಲೆಯಲ್ಲಿ ಇದ್ದೇ ಇರುತ್ತವೆ. ನಾನು ಪ್ರಾರ್ಥನೆ ಅನ್ನುವುದೆಲ್ಲ ಇದರ ಮಧ್ಯೆಯೇ ನಡೆಯುವುದು.

ಇಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಬಸ್ಸಿನಲ್ಲಿ ಜನ ಶಿಲುಬೆಯ ಗುರುತು ಹಾಕಿಕೊಳ್ಳುವ ರೀತಿ. ವಾಝಾ-ಪ್ಶಾವೇಲಾ ರಸ್ತೆಯಲ್ಲಿ ಬೆಳಗ್ಗೆ ಬಸ್ ತುಂಬಿರುತ್ತದೆ. ಕಿಟಕಿಯಾಚೆ ಯಾವುದಾದರೂ ಚರ್ಚಿನ ಗೋಪುರ ಕಂಡರೆ ಸಾಕು, ಕಿವಿಗೆ ಇಯರ್‌ಫೋನ್ ಹಾಕಿದ ಹುಡುಗ, ಮಾರ್ಕೆಟ್ ಚೀಲ ಹಿಡಿದ ಅಜ್ಜಿ, ಸೂಟು ಹಾಕಿದ ಆಫೀಸಿನವರು, ಎಲ್ಲರೂ ಕೈ ಎತ್ತಿ ಮೂರು ಸಲ ಶಿಲುಬೆ ಹಾಕಿಕೊಳ್ಳುತ್ತಾರೆ. ಯಾರೂ ಯಾರನ್ನೂ ನೋಡುವುದಿಲ್ಲ. ನಮ್ಮಲ್ಲಿ ಧರ್ಮಸ್ಥಳದ ಬಸ್ಸಿನಲ್ಲಿ ದೇವಸ್ಥಾನ, ದೈವದ ಕಟ್ಟೆ ದಾಟುವಾಗ ಜನ ಎದೆ ಮುಟ್ಟಿಕೊಳ್ಳುವುದನ್ನು ನೋಡಿ ಬೆಳೆದವಳು ನಾನು, ಹಾಗಾಗಿ ತಕ್ಷಣ ಹತ್ತಿರವೆನಿಸಿತು. ಒಂದೇ ವ್ಯತ್ಯಾಸ. ಇವರು ಆರ್ಥೊಡಾಕ್ಸ್ ಕ್ರೈಸ್ತರು, ಬಲ ಭುಜ ಮೊದಲು, ಎಡ ಭುಜ ಆಮೇಲೆ. ನಾವು ಕ್ಯಾಥೊಲಿಕರು ಎಡದಿಂದ ಬಲಕ್ಕೆ.

ಈ ದೇಶ 4ನೇ ಶತಮಾನದಿಂದಲೂ ಕ್ರೈಸ್ತ ದೇಶ. ಕಪ್ಪಡೋಸಿಯಾದಿಂದ ಬಂದ ನೀನೋ ಎಂಬ ಹೆಣ್ಣುಮಗಳು ಇಲ್ಲಿ ಶುಭವಾರ್ತೆ ಸಾರಿದಳು. ದ್ರಾಕ್ಷಿ ಬಳ್ಳಿಯ ಎರಡು ಕಡ್ಡಿ ತೆಗೆದುಕೊಂಡು ತನ್ನ ತಲೆಕೂದಲಿನಿಂದಲೇ ಬಿಗಿದು ಶಿಲುಬೆ ಮಾಡಿದಳು ಎಂದು ಇವರ ನಂಬಿಕೆ. ಅದಕ್ಕೇ ಜಾರ್ಜಿಯಾದ ಶಿಲುಬೆಯ ಎರಡು ತೋಳು ಸ್ವಲ್ಪ ಕೆಳಗೆ ಬಾಗಿರುತ್ತವೆ. ಅಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ, ವಾರ್ಡಿನಲ್ಲಿ ಮಲಗಿದವರ ಕುತ್ತಿಗೆಯಲ್ಲಿ ಎಲ್ಲ ಕಡೆ ಅದೇ ಬಾಗಿದ ತೋಳು.

ಆದರೆ ನಾನು ಇಲ್ಲಿ ಅಲ್ಪಸಂಖ್ಯಾತಳೇ. 2014ರ ಜನಗಣತಿಯಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ಶೇ. 83ಕ್ಕಿಂತ ಜಾಸ್ತಿ, ಕ್ಯಾಥೊಲಿಕರು ಶೇ. ಅರ್ಧದಷ್ಟು. ಅವರ ಚರ್ಚಿಗೆ ಹೋಗಿ ನಿಲ್ಲಬಹುದು, ಮೇಣದಬತ್ತಿ ಹಚ್ಚಬಹುದು. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ರೊಟ್ಟಿ, ತೆಗೆದುಕೊಳ್ಳುವ ಹಾಗಿಲ್ಲ. ಬೇಸರ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಒಂದೇ ಯೇಸು, ಒಂದೇ ತಾಯಿ ಮರಿಯಮ್ಮ, ಆದರೂ ಊಟಕ್ಕೆ ಮಾತ್ರ ಬೇರೆ ಬೇರೆ ಪಂಕ್ತಿ. ಭಾನುವಾರ ಮೆಟ್ರೋ ಹತ್ತಿ, ಸ್ಟೇಷನ್ ಸ್ಕ್ವೇರ್‌ನಲ್ಲಿ ಲೈನ್ ಬದಲಿಸಿ, ಮಾರ್ಜಾನಿಶ್ವಿಲಿಯಲ್ಲಿ ಇಳಿದು ಸಂತ ಪೇತ್ರ ಮತ್ತು ಪೌಲರ ಚರ್ಚಿಗೆ ನಡೆಯುತ್ತೇನೆ. 1870ರ ದಶಕದಲ್ಲಿ ಕಟ್ಟಿದ್ದು. ಸೋವಿಯತ್ ಕಾಲದಲ್ಲೂ ಬೀಗ ಬೀಳದೆ ಉಳಿದ ಚರ್ಚು. 1999ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಟಿಬಿಲಿಸಿಗೆ ಬಂದಾಗ ಇಲ್ಲಿಗೂ ಬಂದಿದ್ದರು. ಇಂಗ್ಲಿಷ್ ಪೂಜೆಗೆ ಕೇರಳದ ಹುಡುಗರು, ಫಿಲಿಪ್ಪೀನ್ಸ್‌ನವರು, ನೈಜೀರಿಯಾದವರು, ನಮ್ಮ ಕರಾವಳಿಯ ಒಂದಿಬ್ಬರು. ಪೂಜೆ ಮುಗಿದ ಮೇಲೆ ಹೊರಗೆ ನಿಂತು ಮಾತಾಡುವುದು ಮಾತ್ರ ಊರಿನ ಹಾಗೇ. ಯಾರ ಮನೆಯಲ್ಲಿ ತೆಂಗಿನ ಎಣ್ಣೆ ಇದೆ, ಯಾರು ಮುಂದಿನ ವಾರ ಊರಿಂದ ಬರ್ತಾರೆ, ಯಾರಿಗೆ ಪ್ಯಾಥಾಲಜಿ ಬಾಕಿ ಇದೆ.

ದಿನದ ಜಪ ಫೋನಿನಲ್ಲಿ. ಊರಿಗಿಂತ ಇಲ್ಲಿ ಗಡಿಯಾರ ಒಂದೂವರೆ ಗಂಟೆ ಹಿಂದೆ. ಅಲ್ಲಿ ಏಳೂವರೆಗೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಶುರುವಾದರೆ ಇಲ್ಲಿ ಆರು, ಆಗಷ್ಟೇ ಕ್ಲಾಸು ಮುಗಿಸಿ ರೂಮಿಗೆ ಬಂದಿರುತ್ತೇನೆ. ಅಮ್ಮ ಫೋನನ್ನು ಅಲ್ತಾರಿನ ಮೇಲೆ, ಯೇಸುವಿನ ಪವಿತ್ರ ಹೃದಯದ ಫೋಟೋಗೆ ಒರಗಿಸಿ ಇಡುತ್ತಾರೆ. ನನಗೆ ಕಾಣುವುದು ಮನೆಯ ಹಂಚಿನ ಮಾಡು ಮತ್ತು ತಮ್ಮನ ತಲೆಯ ಅರ್ಧ ಭಾಗ. ಅವರು ನಮಾನ್ ಮರಿಯೆ ಎಂಬ ಮರಿಯಮ್ಮನ ಜಪದ ಮೊದಲರ್ಧ ಹೇಳಿದರೆ ನಾನು ಉಳಿದರ್ಧ ಹೇಳಬೇಕು. ನೆಟ್‌ವರ್ಕಿನಲ್ಲಿ ನನ್ನ ದನಿ ತಡವಾಗಿ ಅಲ್ಲಿಗೆ ತಲುಪುವುದರಿಂದ ಅವರು ಮುಂದಿನದಕ್ಕೆ ಹೋದ ಮೇಲೆ ನನ್ನದು ಕೇಳಿಸುತ್ತದಂತೆ. ಅಜ್ಜಿ ಅದಕ್ಕೆ ತಾನೇ ಒಂದು ಪರಿಹಾರ ಮಾಡಿದರು. ನನ್ನ ದನಿ ಬರುವವರೆಗೆ ಅವರು ಮುಂದಿನ ಮಣಿಯನ್ನು ಸರಿಸುವುದೇ ಇಲ್ಲ. ಕೊನೆಯಲ್ಲಿ ಎಲ್ಲರ ಹತ್ತಿರ ಬೆಸಾಂವ್ ಬೇಡುವ ಪದ್ಧತಿ, ಹಿರಿಯರ ಮುಂದೆ ಕೈ ಜೋಡಿಸಿ ಆಶೀರ್ವಾದ ಕೇಳುವುದು. ಅಜ್ಜಿ ಫೋನಿನ ಗಾಜಿನ ಮೇಲೇ ಹೆಬ್ಬೆರಳಿನಿಂದ ಶಿಲುಬೆ ಎಳೆಯುತ್ತಾರೆ. ಆಗ ಒಂದು ಕ್ಷಣ ಸ್ಕ್ರೀನ್ ಪೂರ್ತಿ ಅವರ ಹೆಬ್ಬೆರಳು, ಸುಕ್ಕು, ಅಡಿಕೆ ಸುಲಿದ ಕಪ್ಪು ಕಲೆ.

ಮುಟ್ಟಿದರೇ ಆಶೀರ್ವಾದ ತಲುಪುತ್ತದೆ ಅಂತ ಅವರ ಎಣಿಕೆ. ನಮ್ಮ ಧರ್ಮವೇ ಹಾಗೆ, ಎಲ್ಲದಕ್ಕೂ ಮೈ ಬೇಕು. ದೀಕ್ಷಾಸ್ನಾನದಲ್ಲಿ ತಲೆಗೆ ನೀರು, ಕಾಯಿಲೆಯವರ ಹಣೆಗೆ ಅಂಗೈಗೆ ಎಣ್ಣೆ, ನಾಲಿಗೆ ಮೇಲೆ ರೊಟ್ಟಿ, ಮೊಣಕಾಲಿಗೆ ನೆಲ. ನಮ್ಮ ನಂಬಿಕೆಗಳನ್ನೆಲ್ಲ ಒಟ್ಟಿಗೆ ಹೇಳುವ ವಿಶ್ವಾಸ ಸಂಗ್ರಹ ಎಂಬ ಜಪದಲ್ಲಿ ನಾವು ಹೇಳುವುದೂ ಶರೀರದ ಪುನರುತ್ಥಾನ ಅಂತ. ಆತ್ಮ ಮಾತ್ರ ಹಾರಿ ಹೋಗುತ್ತದೆ ಅಂತ ಅಲ್ಲ. ಚಿಕ್ಕವಳಿದ್ದಾಗ ಇದನ್ನೆಲ್ಲ ಸುಮ್ನೆ ಹೇಳುತ್ತಿದ್ದೆ.

ಇನ್ನು ಅನಾಟಮಿ ಲ್ಯಾಬಿನ ವಿಷಯ.

ಮೊದಲ ವರ್ಷದಲ್ಲಿ ನಮಗೆ ಪ್ಲಾಸ್ಟಿಕ್ ಮಾಡೆಲ್ಲುಗಳು, ಕಂಪ್ಯೂಟರಿನ ಮೂರು ಆಯಾಮದ ಚಿತ್ರಗಳು ಜಾಸ್ತಿ ಇದ್ದವು. ಅವುಗಳಲ್ಲಿ ನರ ಹಳದಿ, ಅಪಧಮನಿ ಕೆಂಪು, ಅಭಿಧಮನಿ ನೀಲಿ, ಎಲ್ಲ ಚೊಕ್ಕ. ಆಮೇಲೆ ಒಂದು ದಿನ ನಿಜವಾದ ದೇಹದ ಎದುರು ನಿಲ್ಲಿಸಿದರು. ಬಣ್ಣ ಯಾವುದೂ ಇಲ್ಲ. ಎಲ್ಲವೂ ಕಂದು, ಬೂದು. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಮೇಡಂ ಫೋರ್ಸೆಪ್ಸ್‌ನಿಂದ ಮುಂಗೈಯ ಒಂದು ಬಿಳಿ ಸ್ನಾಯುರಜ್ಜು ಹಿಡಿದು ಮೆಲ್ಲಗೆ ಎಳೆದರು, ತೋರುಬೆರಳು ಮಡಚಿಕೊಂಡಿತು. ಪಕ್ಕದಲ್ಲಿದ್ದ ಕಲಬುರ್ಗಿಯ ಹುಡುಗ ಒಂದು ಹೆಜ್ಜೆ ಹಿಂದೆ ಹೋದ. ನನಗೆ ಉಗುರು ಕಂಡಿತು. ಉಗುರನ್ನು ಒಪ್ಪವಾಗಿ ಕತ್ತರಿಸಿದ್ದರು, ಬದುಕಿದ್ದಾಗ ಅವರೋ, ಕೊನೆಗೆ ನೋಡಿಕೊಂಡ ಇನ್ಯಾರೋ. ಈ ಕೈಯಲ್ಲಿ ಯಾರೋ ಊಟ ಮಾಡಿದ್ದಾರೆ, ಯಾರದೋ ತಲೆ ನೇವರಿಸಿದ್ದಾರೆ, ಇಲ್ಲಿನವರಾದ್ದರಿಂದ ಬಸ್ಸಿನಲ್ಲಿ ಇದೇ ಬೆರಳು ಜೋಡಿಸಿ ಶಿಲುಬೆಯನ್ನೂ ಹಾಕಿಕೊಂಡಿರಬಹುದು. ಮೇಡಂ ಪಾಠ ಶುರು ಮಾಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಲು ಹೇಳಿದ್ದರು. ಪ್ರಾರ್ಥನೆ ಮಾಡಿ ಅನ್ನಲಿಲ್ಲ. ಸುಮ್ಮನೆ ನಿಲ್ಲಿ ಅಂದರು. ನಾನು ಮೃತರಿಗಾಗಿ ಹೇಳುವ ಜಪ ಮನಸ್ಸಿನಲ್ಲೇ ಹೇಳಿದೆ, ಪಕ್ಕದಲ್ಲಿದ್ದವರು ಅವರವರದು ಹೇಳಿರಬೇಕು.

ಆ ದಿನದಿಂದ ಶರೀರದ ಪುನರುತ್ಥಾನ ಎಂದು ಹೇಳುವಾಗ ನನಗೆ ಆ ಬೆರಳು ನೆನಪಾಗುತ್ತದೆ. ಅದು ಹೇಗೆ ಸಾಧ್ಯ, ಯಾವಾಗ ಅಂತ ವಾದ ಮಾಡಲು ನನಗೆ ಬರುವುದಿಲ್ಲ. ಆದರೆ ಒಂದು ವಿಷಯ ಖಚಿತವಾಗಿ ತಿಳಿಯಿತು. ದೇವರು ಎಸೆಯಲು ಇಷ್ಟಪಡದ ದೇಹವನ್ನು ನಾನು ಅಸಡ್ಡೆಯಿಂದ ಮುಟ್ಟುವ ಹಾಗಿಲ್ಲ, ಸತ್ತವರದ್ದಾಗಲಿ ಬದುಕಿರುವವರದ್ದಾಗಲಿ. ವೈದ್ಯಕೀಯ ನನಗೆ ಕಲಿಸುತ್ತಿರುವುದೂ ಇದನ್ನೇ. ಎರಡೂ ಕಡೆ ಒಂದೇ ಪಾಠ ಇರುವಾಗ ಯಾವುದನ್ನು ಯಾವುದಕ್ಕಾಗಿ ಬಿಡಲಿ?

ಕೇತೆವಾನ್ ರಾಣಿಯ ಕಥೆ ಗೊತ್ತಾದದ್ದು ಅದೇ ಸಮಯದಲ್ಲಿ. ಇಲ್ಲಿ ಅವಳ ಹೆಸರಿನ ದೊಡ್ಡ ರಸ್ತೆಯೇ ಇದೆ. ಮನೆ ಮಾಲಕಿ ನನಗೆ "ಇಂಡಿಯಾದವಳಾ? ನಮ್ಮ ರಾಣಿ ನಿಮ್ಮಲ್ಲಿದ್ದಳು" ಎಂದಾಗ ನನಗೆ ಏನೂ ತಿಳಿಯಲಿಲ್ಲ. ರೂಮಿಗೆ ಬಂದು ಓದುತ್ತಾ ಹೋದರೆ ರಾತ್ರಿಯಾದದ್ದೇ ಗೊತ್ತಾಗಲಿಲ್ಲ.

ಕೇತೆವಾನ್ ಪೂರ್ವ ಜಾರ್ಜಿಯಾದ ಕಾಖೇತಿ ರಾಜ್ಯದ ರಾಣಿ. ಪರ್ಷಿಯಾದ ಷಾ ಅಬ್ಬಾಸ್‌ನ ದಾಳಿ ತಪ್ಪಿಸಲು ಒತ್ತೆಯಾಳಾಗಿ ಹೋದಳು. ವರ್ಷಗಟ್ಟಲೆ ಶಿರಾಜ್ ನಗರದಲ್ಲಿ ಸೆರೆ. ಧರ್ಮ ಬಿಡು ಎಂದರು, ಬಿಡಲಿಲ್ಲ. 1624ರ ಸೆಪ್ಟೆಂಬರ್‌ನಲ್ಲಿ ಕಾಯಿಸಿದ ಇಕ್ಕಳದಿಂದ ಹಿಂಸಿಸಿ ಕೊಂದರು. ಆಗ ಶಿರಾಜ್‌ನಲ್ಲಿ ಪೋರ್ಚುಗೀಸ್ ಅಗಸ್ಟೀನಿಯನ್ ಸನ್ಯಾಸಿಗಳಿದ್ದರು, ಕ್ಯಾಥೊಲಿಕರು. ರಾಣಿ ಆರ್ಥೊಡಾಕ್ಸ್. ಆದರೂ ಅವಳ ದೇಹದ ಅವಶೇಷಗಳನ್ನು ಗುಟ್ಟಾಗಿ ತೆಗೆದು ಕಾಪಾಡಿದವರು ಇವರೇ, ಮತ್ತು 1627ರಲ್ಲಿ ಅದರ ಒಂದು ಭಾಗವನ್ನು ಹಡಗಿನಲ್ಲಿ ತಂದು ಇಟ್ಟದ್ದು ಎಲ್ಲಿ ಗೊತ್ತಾ, ಹಳೇ ಗೋವಾದ ಸಂತ ಅಗಸ್ಟಿನ್ ಮಠದಲ್ಲಿ. ನಮ್ಮ ಹಿರಿಯರ ಗೋವಾದಲ್ಲಿ! ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ಗೋವಾದಿಂದ ತೆಂಕಣಕ್ಕೆ ಇಳಿದು ಬಂದವರು. ನನ್ನ ಅಜ್ಜಿಯ ಅಜ್ಜಿಯ ಅಜ್ಜಿಯರು ಯಾರೋ ಆ ಮಠದ ಗಂಟೆ ಕೇಳಿರಬಹುದು ಎಂದು ಅಂದುಕೊಂಡರೆ ಮೈ ಜುಮ್ಮೆನ್ನುತ್ತದೆ.

1835ರಲ್ಲಿ ಮಠ ಖಾಲಿಯಾಯಿತು, 1842ರಲ್ಲಿ ಚರ್ಚಿನ ಛಾವಣಿ ಕುಸಿಯಿತು. ಇವತ್ತು ಅಲ್ಲಿ ಉಳಿದಿರುವುದು ಜಂಬಿಟ್ಟಿಗೆಯ ಒಂದು ಅರ್ಧ ಗೋಪುರ ಮತ್ತು ಅಡಿಪಾಯಗಳು. ರಾಣಿಯ ಎಲುಬು ಎಲ್ಲಿದೆ ಎಂದು ಹಳೆಯ ಪೋರ್ಚುಗೀಸ್ ದಾಖಲೆ ಹಿಡಿದು ಪುರಾತತ್ವ ಇಲಾಖೆಯವರು ಹುಡುಕುತ್ತಾ ಹೋಗಿ, ಕೊನೆಗೆ 2000ದ ದಶಕದಲ್ಲಿ ಅವಶೇಷಗಳ ಮಧ್ಯೆ ಕೈಮೂಳೆಯ ತುಂಡು ಸಿಕ್ಕಿತು. ಅದು ಅವಳದ್ದೇ ಅಂತ ಹೇಳುವುದು ಹೇಗೆ? ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದರು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ತೆಗೆದು ನೋಡಿದಾಗ, ಆ ಮೂಳೆಯಲ್ಲಿದ್ದ ವಂಶಗುರುತು ಭಾರತದ ಸಾವಿರಾರು ಮಾದರಿಗಳಲ್ಲಿ ಸಿಗಲಿಲ್ಲ, ಜಾರ್ಜಿಯಾದವರ ಮಾದರಿಗಳಲ್ಲಿ ಸಿಕ್ಕಿತು. ಅಲ್ಲೇ ಸಿಕ್ಕ ಬೇರೆ ಎರಡು ಮೂಳೆಗಳಲ್ಲಿ ಇದ್ದದ್ದು ಭಾರತದಲ್ಲಿ ಸಿಗುವ ವಂಶಗುರುತು. 2021ರ ಜುಲೈನಲ್ಲಿ ನಮ್ಮ ವಿದೇಶಾಂಗ ಸಚಿವ ಜೈಶಂಕರ್ ಅವರು ಟಿಬಿಲಿಸಿಗೆ ಬಂದು ಆ ಅವಶೇಷವನ್ನು ಜಾರ್ಜಿಯಾಕ್ಕೆ ಒಪ್ಪಿಸಿದರು. ಸುಮಾರು 400 ವರ್ಷ ಆದ ಮೇಲೆ ರಾಣಿಯ ಕೈ ಊರಿಗೆ ಬಂತು.

ನಂಬಿಕೆ ಒಂದು ಕಡೆ, ವಿಜ್ಞಾನ ಒಂದು ಕಡೆ ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. ಸನ್ಯಾಸಿಗಳು ಭಕ್ತಿಯಿಂದ ಆ ಮೂಳೆಯನ್ನು ಉಳಿಸದಿದ್ದರೆ ಲ್ಯಾಬಿಗೆ ಪರೀಕ್ಷಿಸಲು ಏನೂ ಇರುತ್ತಿರಲಿಲ್ಲ. ಲ್ಯಾಬು ಇಲ್ಲದಿದ್ದರೆ ಭಕ್ತರಿಗೆ ಯಾವ ಮೂಳೆಯ ಮುಂದೆ ಮಂಡಿಯೂರಬೇಕು ಅಂತ ತಿಳಿಯುತ್ತಿರಲಿಲ್ಲ. ನನಗೆ ಬೇಕಾಗಿರುವುದು ಈ ಎರಡೂ ಜನ. ಒಬ್ಬರು ಯಾರದೋ ಎಲುಬನ್ನು ಸಮುದ್ರ ದಾಟಿಸುವಷ್ಟು ಗೌರವಿಸಿದವರು, ಇನ್ನೊಬ್ಬರು ನಿಜ ಏನು ಅಂತ ತಾಳ್ಮೆಯಿಂದ ಹುಡುಕಿದವರು.

ಓದಿನ ಮಧ್ಯೆ ನಂಬಿಕೆ ಅಂದರೆ ಯಾವಾಗಲೂ ಇಷ್ಟು ದೊಡ್ಡ ಸಂಗತಿ ಏನಲ್ಲ. ಜಾಸ್ತಿ ಪಾಲು ಅಡುಗೆ, ಕ್ಯಾಲೆಂಡರ್, ಬಸ್ಸು. ನನ್ನ ರೂಮ್‌ಮೇಟ್ ದಾವಣಗೆರೆಯ ಲಿಂಗಾಯತ ಹುಡುಗಿ. ಬಂದ ಹೊಸತರಲ್ಲಿ ಅವಳಿಗೆ ತಿನ್ನಲು ಏನೂ ಸಿಗದೆ ಅತ್ತುಬಿಟ್ಟಿದ್ದಳು, ಎಲ್ಲದರಲ್ಲೂ ಮಾಂಸ. ಆಮೇಲೆ ಇಲ್ಲಿನವರ ಉಪವಾಸದ ಪದ್ಧತಿ ತಿಳಿಯಿತು. ಈಸ್ಟರ್ ಮುಂಚಿನ ತಪಸ್ಸು ಕಾಲದಲ್ಲಿ, ಹಾಗೇ ವರ್ಷದಲ್ಲಿ ಹೆಚ್ಚಿನ ಬುಧವಾರ ಶುಕ್ರವಾರಗಳಲ್ಲಿ, ವ್ರತ ಹಿಡಿದವರು ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಹೋಟೆಲು, ಬೇಕರಿಗಳಲ್ಲಿ ಅದಕ್ಕೆಂದೇ ಸಮಾರ್ಖ್ವೊ ಎಂಬ ಬೇರೆ ಪಟ್ಟಿ ಇರುತ್ತದೆ. ರಾಜ್ಮಾ ಕಾಳಿನ ಹೂರಣ ತುಂಬಿದ ಲೋಬಿಯಾನಿ ರೊಟ್ಟಿ, ಆಕ್ರೋಟ್ ಮಸಾಲೆ ಹಚ್ಚಿದ ಬದನೆಕಾಯಿ, ಅಣಬೆ ತುಂಬಿದ ಖಿಂಕಾಲಿ ಎಂಬ ಕಡುಬು. ನನ್ನ ತಪಸ್ಸು ಕಾಲದಲ್ಲಿ ಅವಳಿಗೆ ಹಬ್ಬ. ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುತ್ತೇವೆ, ನನಗೆ ಅದು ವ್ರತ, ಅವಳಿಗೆ ಮನೆಯೂಟಕ್ಕೆ ಹತ್ತಿರದ್ದು.

ನಮ್ಮ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಆರ್ಥೊಡಾಕ್ಸ್ ಚರ್ಚಿನಲ್ಲಿ ಇಲ್ಲ. ಹಾಗಾಗಿ ಹಣೆ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡು ಮೆಟ್ರೋ ಹತ್ತಿದರೆ ಜನ ನೋಡುತ್ತಾರೆ. ಒಮ್ಮೆ ಒಬ್ಬ ಅಜ್ಜಿ ಪಾಪ, ಏನೋ ಮೆತ್ತಿಕೊಂಡಿದೆ ಅಂತ ಟಿಶ್ಯೂ ಕೊಡಲು ಬಂದರು. ರೂಮಿಗೆ ಬಂದರೆ ಗೆಳತಿ ಆಗಷ್ಟೇ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡಿದ್ದಳು. ಇಬ್ಬರ ಹಣೆಯಲ್ಲೂ ಬೂದಿ. ಮಣ್ಣಿನಿಂದ ಬಂದೆ, ಮಣ್ಣಿಗೇ ಸೇರುತ್ತೀ ಎಂದು ಫಾದರ್ ಹೇಳಿ ಹಚ್ಚಿದ್ದು ನನ್ನದು. ಅವಳ ಮನೆಯಲ್ಲಿ ಅವಳ ಅಜ್ಜನೂ ಹೆಚ್ಚು ಕಡಿಮೆ ಅದನ್ನೇ ಹೇಳಿ ಕಲಿಸಿದ್ದರಂತೆ. ಆ ಸಂಜೆ ಇಬ್ಬರೂ ಕೂತು ಮೂತ್ರಪಿಂಡದ ರೋಗಗಳನ್ನು ಓದಿದೆವು.

ಕ್ಯಾಲೆಂಡರಿನ ಕಷ್ಟ ಬೇರೆ. ಇಲ್ಲಿನ ಚರ್ಚು ಹಳೆಯ ಜೂಲಿಯನ್ ಕ್ಯಾಲೆಂಡರ್ ಪಾಲಿಸುತ್ತದೆ, ಅದು ನಮ್ಮದಕ್ಕಿಂತ ಈಗ 13 ದಿನ ಹಿಂದೆ. ಆದ್ದರಿಂದ ಕ್ರಿಸ್ಮಸ್ ಜನವರಿ 7. ಡಿಸೆಂಬರ್ 25 ಮಾಮೂಲಿ ಕೆಲಸದ ದಿನ, ಕ್ಲಾಸು, ಟೆಸ್ಟು ಎಲ್ಲ ಇರುತ್ತದೆ. ರಾತ್ರಿ ಪೂಜೆಗೆ ಹೋಗಿ ಬೆಳಗ್ಗೆ ಫಾರ್ಮಕಾಲಜಿ ಟೆಸ್ಟಿಗೆ ಕೂತಿದ್ದೇನೆ. ಅಮ್ಮ ಕಳಿಸಿದ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು, ಇಲ್ಲದಿದ್ದರೆ ಅದು ಕ್ರಿಸ್ಮಸ್ ಅನ್ನಿಸುತ್ತಲೇ ಇರಲಿಲ್ಲ. ಕಿಡಿಯೊ, ನೆವ್ರಿ, ತುಕ್ಡಿ, ಎಳ್ಳಿನ ಉಂಡೆ ಎಲ್ಲ ಪುಡಿಪುಡಿಯಾಗಿ ಬಂದಿದ್ದವು, ಆ ಪುಡಿಯನ್ನು ಚಮಚದಲ್ಲಿ ಹಂಚಿದೆವು. ಜನವರಿ 7ರಂದು ಮಾತ್ರ ಊರಿಗೆ ಊರೇ ಬೀದಿಯಲ್ಲಿ. ಅಲಿಲೋ ಎಂಬ ಮೆರವಣಿಗೆ, ಬಿಳಿ ಬಟ್ಟೆ ತೊಟ್ಟ ಮಕ್ಕಳು, ಬಾವುಟ, ಬಡವರಿಗೆಂದು ಜನ ತಂದುಕೊಡುವ ತಿಂಡಿ ಬಟ್ಟೆ. ನಾವು ಹಿಂದೂ ಮುಸ್ಲಿಂ ಕ್ರೈಸ್ತ ಹುಡುಗಿಯರೆಲ್ಲ ಕೋಟು ಮಫ್ಲರ್ ಸುತ್ತಿಕೊಂಡು ಜೊತೆಗೆ ನಡೆಯುತ್ತೇವೆ. ಅವರ ಹಾಡು ಮೂರು ದನಿಗಳಲ್ಲಿ ಏಳುತ್ತದೆ, ವಾದ್ಯ ಇಲ್ಲ, ಬರೀ ಗಂಟಲು. ಇದನ್ನು ಕೇಳದೆ ಯಾರೂ ಈ ದೇಶ ಬಿಟ್ಟು ಹೋಗಬಾರದು.

ಮೂರನೇ ವರ್ಷದಿಂದ ವಾರ್ಡು ಶುರು. ಪಾಠ ಇಂಗ್ಲಿಷ್, ರೋಗಿಗಳು ಜಾರ್ಜಿಯನ್. "ಸಾದ್ ಗ್‌ಟ್ಕಿವಾತ್?", ಎಲ್ಲಿ ನೋವು, ಅಂತ ಕೇಳಲು ಕಲಿತದ್ದು ಆಗ. ಒಬ್ಬ ಅಜ್ಜಿ ಇದ್ದರು, ಹೃದಯ ದುರ್ಬಲವಾಗಿ ಕಾಲು ಊದಿಕೊಂಡಿತ್ತು. ಕಣಕಾಲಿನ ಮುಂದೆ, ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಬೇಕು, ಬಿಟ್ಟ ಮೇಲೆ ಕುಳಿ ಎಷ್ಟು ಹೊತ್ತು ಉಳಿಯುತ್ತದೆ ನೋಡಬೇಕು. ಒತ್ತುವ ಮೊದಲು ನನ್ನ ಕೈ ತಣ್ಣಗಿದೆ ಅಂತ ಉಜ್ಜಿಕೊಂಡೆ. ಒತ್ತಿದೆ. ಕುಳಿ ಹಾಗೇ ನಿಂತಿತು, ಹಿಟ್ಟಿನ ಮುದ್ದೆಯಲ್ಲಿ ಬೆರಳು ಊರಿದ ಹಾಗೆ. ಅಷ್ಟರಲ್ಲಿ ಪಕ್ಕದ ಹಾಸಿಗೆಯವರಿಗೆ ಪಾದ್ರಿ ಬಂದರು, ವಾರ್ಡಿನಲ್ಲಿದ್ದವರೆಲ್ಲ ಶಿಲುಬೆ ಹಾಕಿಕೊಂಡರು, ನಾನೂ ಹಾಕಿಕೊಂಡೆ. ಎಡದಿಂದ ಬಲಕ್ಕೆ. ಅಜ್ಜಿ ಅದನ್ನು ಗಮನಿಸಿ "ಕಾತೋಲಿಕೆ?" ಎಂದರು. ಹೌದು ಎಂದೆ. ತಮ್ಮ ದಿಂಬಿನ ಕೆಳಗಿಂದ ಕೇತೆವಾನಳ ಒಂದು ಚಿಕ್ಕ ಚಿತ್ರ ತೆಗೆದು ನನಗೆ ತೋರಿಸಿ, ಮತ್ತೆ ಒಳಗಿಟ್ಟು, ಇನ್ನೊಂದು ಕಾಲನ್ನೂ ನೋಡು ಅಂತ ಚಾದರ ಸರಿಸಿದರು.

ಅವರಿಗೆ ನಾನೇನೂ ಮಾಡಿರಲಿಲ್ಲ. ನೀರಿಳಿಸುವ ಮಾತ್ರೆ ಬರೆದದ್ದು ಡಾಕ್ಟರು. ಕಾಲು ಮುಟ್ಟಿ ನೋಡಿದ್ದಷ್ಟೇ ನನ್ನ ಕೆಲಸ. ಆದರೆ ಆ ಕೆಲಸದಲ್ಲಿ ಇರುವಾಗ ನನಗೆ ಜಪದಲ್ಲಿ ಇರುವ ಹಾಗೇ ಅನ್ನಿಸುತ್ತದೆ, ಮನಸ್ಸು ಬೇರೆಲ್ಲೂ ಓಡುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ನನಗೆ ಸಿಟ್ಟಿದೆ. ಪ್ರಾರ್ಥನೆ ಮಾಡಿ, ಮಾತ್ರೆ ಬಿಡಿ ಅನ್ನುವ ವಿಡಿಯೋಗಳು ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೂ ಬರುತ್ತವೆ. ಸಕ್ಕರೆ ಕಾಯಿಲೆಯವರು, ಮೂರ್ಛೆ ರೋಗದವರು ಇದನ್ನು ನಂಬಿ ಔಷಧ ಬಿಟ್ಟರೆ ಪ್ರಾಣಕ್ಕೇ ಕುತ್ತು. ಹೊಸ ಒಡಂಬಡಿಕೆಯಲ್ಲಿ ಲೂಕನನ್ನು ವೈದ್ಯ ಎಂದು ಪ್ರೀತಿಯಿಂದ ಕರೆದಿದೆ. ನಮ್ಮ ಕ್ಯಾಥೊಲಿಕ್ ಬೈಬಲಿನ ಸಿರಾಖನ ಗ್ರಂಥದಲ್ಲಿ 38ನೇ ಅಧ್ಯಾಯ ಪೂರಾ ಓದಿ, ವೈದ್ಯನನ್ನು ಗೌರವಿಸು, ಔಷಧವನ್ನು ಭೂಮಿಯಿಂದ ಹುಟ್ಟಿಸಿದ್ದು ದೇವರೇ, ಬುದ್ಧಿವಂತ ಅದನ್ನು ತಿರಸ್ಕರಿಸುವುದಿಲ್ಲ ಎಂಬ ಅರ್ಥದ ಮಾತಿದೆ. ದೇವರು ಕೊಟ್ಟ ಇನ್ಸುಲಿನ್ನನ್ನು ದೇವರ ಹೆಸರಿನಲ್ಲೇ ಬಿಡಿಸುವುದು ಭಕ್ತಿಯಲ್ಲ. ಗುಂಪಿನಲ್ಲಿ ಇಷ್ಟನ್ನೂ ಬರೆದೆ. ಒಬ್ಬ ಮಾವ ಗುಂಪು ಬಿಟ್ಟು ಹೋದರು. ಹೋಗಲಿ, ಅವರ ಶುಗರ್ ಎಷ್ಟಿದೆ ಅಂತ ಅತ್ತೆಗೆ ಫೋನ್ ಮಾಡಿ ವಿಚಾರಿಸುತ್ತೇನೆ.

ನಮ್ಮ ಕಡೆ ಇದಕ್ಕೆ ಒಳ್ಳೆಯ ಮೇಲ್ಪಂಕ್ತಿಯೇ ಇದೆ. ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನಲ್ಲಿ ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದರು, 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಮನೆ ಕಟ್ಟಿದರು. ಕುಷ್ಠರೋಗಿಯ ಹತ್ತಿರ ಹೆತ್ತವರೂ ಸುಳಿಯದ ಕಾಲ ಅದು. ಹೋಮಿಯೋಪತಿಯನ್ನು ನಾನು ಇವತ್ತು ಓದುವ ಪುಸ್ತಕಗಳು ಒಪ್ಪುವುದಿಲ್ಲ, ಆದರೆ ಆ ಮೈಗಳನ್ನು ತೊಳೆದು, ಹುಣ್ಣಿಗೆ ಬಟ್ಟೆ ಕಟ್ಟಿ, ಊಟ ಹಾಕಿದ್ದನ್ನು ಯಾವ ಪುಸ್ತಕವೂ ಸುಳ್ಳು ಮಾಡಲಾರದು.

ಈ ವರ್ಷ ಇದೆಲ್ಲ ಒಟ್ಟಿಗೆ ಸೇರಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನಾನು ಸತ್ತ ಮೇಲೆ ನನ್ನ ದೇಹ ಒಂದು ಮೆಡಿಕಲ್ ಕಾಲೇಜಿಗೆ ಹೋಗಲಿ. ಆ ಒಪ್ಪವಾಗಿ ಕತ್ತರಿಸಿದ ಉಗುರಿನ ಕೈ ನನಗೆ ಕೊಟ್ಟದ್ದನ್ನು ಬೇರೆ ಯಾರಿಗಾದರೂ ನಾನು ಕೊಡಬೇಕು. ನಮ್ಮಲ್ಲಿ ಅದಕ್ಕೆ 1957ರ ಅನಾಟಮಿ ಕಾಯ್ದೆ ಇದೆ, ಚರ್ಚಿನ ವಿರೋಧವೂ ಇಲ್ಲ. ಸತ್ತ ಮೇಲೆ ಅಂಗಗಳನ್ನು ದಾನ ಮಾಡುವುದನ್ನು ಕ್ಯಾಥೊಲಿಕ್ ಧರ್ಮೋಪದೇಶದ ಪುಸ್ತಕ ಒಳ್ಳೆಯ ಕೆಲಸವೆಂದೇ ಹೇಳುತ್ತದೆ. ಕಾಗದದ ಮೇಲೆ ನಾನು ಬರೆದುಕೊಟ್ಟರೂ ಕೊನೆಗೆ ದೇಹವನ್ನು ಒಪ್ಪಿಸಬೇಕಾದವರು ಮನೆಯವರು. ಆದ್ದರಿಂದ ಅವರ ಮನಸ್ಸಿಗೆ ವಿರೋಧವಾಗಿ ಮಾಡುವ ಕೆಲಸ ಅಲ್ಲ ಇದು.

ಜಪ ಮುಗಿದ ಮೇಲೆ ಒಂದು ಸಂಜೆ ಅಮ್ಮನಿಗೆ ಹೇಳಿದೆ. ಅಮ್ಮ ಮೊದಲು ಸುಮ್ಮನಾದರು, ಆಮೇಲೆ, "ಮದುವೆ ಮಾತಾಡುವ ವಯಸ್ಸಲ್ಲಿ ಇದೆಂಥ ಮಾತು ನಿನ್ನದು?" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು, "ಹಾಗಾದ್ರೆ ನವೆಂಬರ್ 2ಕ್ಕೆ ನಿನಗೆ ಮೇಣದಬತ್ತಿ ಎಲ್ಲಿ ಹಚ್ಚುವುದು ಮಗಾ?" ಸಕಲ ಮೃತರ ದಿನ ನಮ್ಮ ಚರ್ಚಿನ ಹಿಂದಿನ ಸಮಾಧಿಗಳನ್ನು ಗುಡಿಸಿ, ಹೂವಿಟ್ಟು, ಬತ್ತಿ ಹಚ್ಚಿ ಹೆಸರು ಕರೆದು ಜಪಿಸುತ್ತೇವೆ. ಅಜ್ಜ, ಅಜ್ಜನ ತಮ್ಮ, ಹುಟ್ಟಿದ ವಾರಕ್ಕೇ ಹೋದ ನನ್ನ ಅಕ್ಕ, ಎಲ್ಲರೂ ಅಲ್ಲೇ. ಅಮ್ಮನ ಪ್ರಶ್ನೆ ಚಿಕ್ಕದಲ್ಲ. ಅದೂ ದೇಹದ ಮೇಲಿನ ಗೌರವವೇ, ನನಗೆ ಅದನ್ನು ಮೊದಲು ಕಲಿಸಿದ್ದು ಅವರೇ. ದೇಹ ಕೊಟ್ಟವರ ಹೆಸರನ್ನು ಕುಟುಂಬದ ಸಮಾಧಿಯ ಕಲ್ಲಿನಲ್ಲೇ ಬರೆಸಬಹುದಲ್ವಾ ಅಂದೆ. ಬರೀ ಹೆಸರಾ ಅಂದರು.

ಅಜ್ಜಿ ಮಾತ್ರ ಹಿಂದಿನಿಂದ, "ಅವಳ ಮೈ, ಅವಳು ಯೋಚನೆ ಮಾಡ್ಲಿ, ಮೊದಲು ನಾವು ಹೋಗ್ತೇವಲ್ಲ" ಎಂದು ಜಪಮಾಲೆಯನ್ನು ಡಬ್ಬಿಗೆ ಹಾಕಿದರು.

ಈ ಬೇಸಿಗೆ ರಜೆಗೆ ಊರಿಗೆ ಹೋಗುತ್ತಿದ್ದೇನೆ. ನಮ್ಮ ಚರ್ಚಿನ ಫಾದರ್ ಹತ್ತಿರ ಫೋನಿನಲ್ಲಿ ಮಾತಾಡಿದ್ದೇನೆ, ಮನೆಗೆ ಬಂದು ಅಮ್ಮನ ಜೊತೆ ಕೂತು ಮಾತಾಡುತ್ತೇನೆ ಅಂದಿದ್ದಾರೆ. ಫಾರಂ ಇನ್ನೂ ತುಂಬಿಲ್ಲ. ಅಮ್ಮ ಒಪ್ಪಿದ ಮೇಲೆ, ಸಾಕ್ಷಿಯ ಜಾಗದಲ್ಲಿ ಅವರದ್ದೇ ಸಹಿ ಹಾಕಿಸಬೇಕು ಅಂತ ನನ್ನ ಆಸೆ.